ಚಿಗರಿಗಳ ಹೊಲಕ್ಕೆ ಚರಗ

ನಮ್ಮ ಕಡೆ ನಾಲ್ಕು ಜನರ ನಡುವೆ ಕುಳಿತು ಆಕಳಿಸುವಾಗ ಸ್ವಲ್ಪ ವಿವೇಚನೆ ಇರಬೇಕು. ರಾತ್ರಿ ನಿದ್ದೆ ಕಡಿಮೆಯಾಯಿತೆಂದೋ, ಎದುರಿಗಿದ್ದವರ ಮಾತು ಹೆಚ್ಚಾಯಿತೆಂದೋ ನೀವು ಬಾಯಿ ತೆರೆದಿರಬಹುದು. ಆದರೆ ಚಿತ್ತಾಪುರ, ಸೇಡಂ ಸೀಮೆಯ ಗೃಹಿಣಿಯ ಪಾಲಿಗೆ ತೆರೆದ ಬಾಯಿಗೆ ಇರುವುದು ಒಂದೇ ಅರ್ಥ. ಬೇಡ, ಈಗಷ್ಟೇ ಊಟವಾಗಿದೆ ಎಂಬ ನಿಮ್ಮ ಸತ್ಯವಾಕ್ಯ ಪೂರ್ತಿಯಾಗುವ ಮೊದಲೇ ಆಕೆ ಒಳಗೆ ಹೋಗಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ತಂದು ಮುಂದಿಟ್ಟಿರುತ್ತಾಳೆ. ಶಹಾಬಾದಿನ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನನ್ನ ಈ ಶರೀರ ಇಷ್ಟು ಸಮೃದ್ಧವಾಗಿರುವುದಕ್ಕೆ, ಶಾಲೆಯ ಮಕ್ಕಳ ಮನೆಗಳಿಗೆ ಹೋದಾಗಲೆಲ್ಲ ನಾನು ತಡೆಯಲಾರದೆ ತೆಗೆದ ಆಕಳಿಕೆಗಳೇ ಕಾರಣವೆಂಬುದನ್ನು ನನ್ನ ಡಾಕ್ಟರರೊಬ್ಬರನ್ನು ಬಿಟ್ಟು ಮಿಕ್ಕೆಲ್ಲರೂ ಒಪ್ಪುತ್ತಾರೆ.

ಮನುಷ್ಯರಿಗೇನೋ ಅಂಗೈ ಅಡ್ಡ ಹಿಡಿದು ಆಕಳಿಸುವ ವಿದ್ಯೆ ಗೊತ್ತು, ಕರಡಿಗೆ ಗೊತ್ತಿಲ್ಲ. ನಮ್ಮ ಝೂದ ಕರಡಿ ಮಧ್ಯಾಹ್ನದ ಬಿಸಿಲಿಗೆ ಮೈಚೆಲ್ಲಿಕೊಂಡು, ಉದ್ದ ಮೂತಿಯನ್ನು ಆಕಾಶಕ್ಕೆತ್ತಿ ಒಂದು ಸುದೀರ್ಘ ಆಕಳಿಕೆ ತೆಗೆಯಿತೆಂದರೆ ಸಾಕು, ಜಾಲರಿಯ ಹೊರಗೆ ಕರುಣೆಯ ಕಟ್ಟೆ ಒಡೆಯುತ್ತದೆ. "ಯಪ್ಪಾ, ಹಸ್ದಾದ ನೋಡ್ರಿ ಪಾಪ!" ಎಂದು ಒಬ್ಬರು ಮರುಗುವಷ್ಟರಲ್ಲಿ ಇನ್ನೊಬ್ಬರ ಬುತ್ತಿಗಂಟು ಬಿಚ್ಚಿರುತ್ತದೆ. ಬೇರೆ ಊರುಗಳ ಝೂಗಳಲ್ಲಿ ಜನ ಪ್ರಾಣಿಗಳಿಗೆ ಕಲ್ಲೆಸೆಯುತ್ತಾರೆ, ಕೋಲಿನಿಂದ ತಿವಿಯುತ್ತಾರೆ ಎಂದು ಕೇಳಿದ್ದೇನೆ. ನಮ್ಮವರ ಮೇಲೆ ಅಂಥ ಆರೋಪ ಹೊರಿಸಲು ಯಾರಿಂದಲೂ ಸಾಧ್ಯವಿಲ್ಲ. ನಮ್ಮವರು ಉಣಿಸಿ ಕೊಲ್ಲುತ್ತಾರೆ. ಈ ಮಾತನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ, ಓದುಗ ಮಹಾಶಯರು ತುಸು ತಾಳ್ಮೆಯಿಂದಿದ್ದರೆ ಸಿಟ್ಟಿನ ಕಾರಣವನ್ನೂ ಹೇಳುತ್ತೇನೆ.

ಝೂ ಎಂದ ಕೂಡಲೇ ಹುಲಿ, ಸಿಂಹ, ಜಿರಾಫೆಗಳನ್ನು ಕಲ್ಪಿಸಿಕೊಳ್ಳಬೇಡಿ. ವಾಡಿಯಿಂದ ರಾವೂರಿನ ಕಡೆ ಹೋಗುವಾಗ, ಫರಸಿ ಕಲ್ಲು ತೆಗೆದು ತೆಗೆದು ಕೈಬಿಟ್ಟ ಹಳೆಯ ಖಣಿಯೊಂದರ ತಗ್ಗಿನಲ್ಲಿ ನಮ್ಮದು ಇದೆ. ಚಿಂಚೋಳಿಯ ಕಾಡಂಚಿನಲ್ಲಿ ಕಾಲು ಮುರಿದುಕೊಂಡು ಸಿಕ್ಕ ತೋಳ, ಯಾರೋ ಊರೂರು ಕುಣಿಸಿ ಬಿಟ್ಟುಹೋದ ಕರಡಿ, ಕೆಲವು ನರಿ, ಕೆಲವು ಆಮೆ, ಮತ್ತು ಒಂದು ಹಿಂಡು ಚಿಗರಿ. ಪಠ್ಯಪುಸ್ತಕದಲ್ಲಿ ಇವುಗಳ ಹೆಸರು ಕೃಷ್ಣಮೃಗ. ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಆ ಸಮಾಸವನ್ನು ಬಿಡಿಸಿ ಬರೆದದ್ದುಂಟು. ಆದರೆ ಬೇಲಿಯ ಬಳಿ ನಿಂತು 'ಕೃಷ್ಣಮೃಗವೇ ಬಾ' ಎಂದರೆ ಒಂದೂ ಕಿವಿ ನಿಮಿರಿಸುವುದಿಲ್ಲ, ಅಂಬಣ್ಣ "ಯಾ ಯಾ" ಎಂದರೆ ಎಲ್ಲವೂ ಓಡಿಬರುತ್ತವೆ. ನವಿಲುಗಳೂ ಇವೆ, ಆದರೆ ಅವು ನಮ್ಮವೆಂದು ಹೇಳುವ ಧೈರ್ಯ ನಮಗಿಲ್ಲ. ಮನಸ್ಸು ಬಂದಾಗ ಗೋಡೆ ಹಾರಿ ಬರುತ್ತವೆ, ಮುನಿಸು ಬಂದಾಗ ತೊಗರಿ ಹೊಲಕ್ಕೆ ಹೊರಟುಹೋಗುತ್ತವೆ.

ಇದನ್ನು ಜಿಲ್ಲಾಕೇಂದ್ರದಲ್ಲಿ ಕುಳಿತ ಸಮಿತಿಯೊಂದು ನಡೆಸುತ್ತದೆಂದು ಬಾಗಿಲ ಮೇಲಿನ ಕಮಾನಿನಲ್ಲಿ ಬರೆದಿದೆ. ಕಮಾನಿನ ಕೆಳಗೆ ನಡೆಸುವವರೇ ಬೇರೆ. ಮೊದಲನೆಯವನು ಈಗಷ್ಟೇ ಹೆಸರು ಬಂದ ಅಂಬಣ್ಣ, ಝೂದ ಪಾಲಕ, ದಿನಗೂಲಿ ನೌಕರ. ಅವನ ಹಿರಿಯರು ಕಾಗಿಣಾ ನದಿಯ ದಂಡೆಯಲ್ಲಿ ದೋಣಿ ಇಟ್ಟುಕೊಂಡು ಆಚೆ ದಂಡೆಯವರನ್ನು ಕೂಗಿ ಕರೆಯುತ್ತಿದ್ದವರು. ಅಂಬಣ್ಣ ಹೊಳೆ ಬಿಟ್ಟು ಬಂದಿದ್ದಾನೆ, ಕೂಗು ಬಿಟ್ಟು ಬಂದಿಲ್ಲ. ಅವನು ಪ್ರೀತಿಯಿಂದ ಮಾತಾಡಿದರೂ ಕೇಳುವವರಿಗೆ ಬೈದಂತೆ ಕೇಳಿಸುತ್ತದೆ, ಬೈದಾಗಲಂತೂ ವಾಡಿ ಜಂಕ್ಷನ್ನಿನಲ್ಲಿ ರೈಲಿಗೆ ಕಾದವರು ಇತ್ತ ತಿರುಗಿ ನೋಡುತ್ತಾರೆಂದು ನಮ್ಮ ಅನುಮಾನ. ಎರಡನೆಯವಳು ಸ್ಟೇಷನ್ನಿನ ಬಳಿ ಖಾನಾವಳಿ ಇಟ್ಟಿರುವ ನೀಲಮ್ಮ. ದಿನಾ ಬೆಳಿಗ್ಗೆ ಮೂಲಂಗಿ ಸೊಪ್ಪು, ಕೋಸಿನ ಹೊರ ಎಲೆ, ಗಜ್ಜರಿ ತುದಿಗಳನ್ನು ಚೀಲ ತುಂಬಿ ಕಳಿಸುತ್ತಾಳೆ. ಸೇಡಂನ ಬೇಳೆ ಮಿಲ್ಲಿನವರೊಬ್ಬರು ಹೆಸರು ಹೇಳಬೇಡಿರೆಂದು ತಾಕೀತು ಮಾಡಿ ತೊಗರಿ ಹೊಟ್ಟು ಕೊಡುತ್ತಾರೆ. ಇನ್ನು ಉಳಿದವರು ನಾವು ಸ್ವಯಂಸೇವಕರು. ನಿವೃತ್ತರು, ರವಿವಾರಕ್ಕೊಮ್ಮೆ ಬರುವ ಕಾಲೇಜಿನ ಹುಡುಗಿಯರು, ಮತ್ತು ಮನೆಯಲ್ಲಿದ್ದರೆ ಸೊಸೆಯ ಕೆಲಸದಲ್ಲಿ ಮೂಗು ತೂರಿಸುತ್ತೇವೆಂದು ಮನೆಯವರೇ ಪ್ರೋತ್ಸಾಹಿಸಿ ಕಳಿಸಿದ ನನ್ನಂಥವರು.

ನನ್ನ ಕೆಲಸ ಜನರು ಪ್ರಾಣಿಗಳಿಗೆ ಉಣಿಸದಂತೆ ನೋಡಿಕೊಳ್ಳುವುದು. ಆರಂಭದಲ್ಲಿ ನನ್ನ ಭಾಷಾಪಾಂಡಿತ್ಯದ ಮೇಲೆ ನನಗೆ ಅಪಾರ ವಿಶ್ವಾಸವಿತ್ತು. 'ಪ್ರಾಣಿಗಳಿಗೆ ಆಹಾರ ಪದಾರ್ಥಗಳನ್ನು ನೀಡುವುದು ಕಟ್ಟುನಿಟ್ಟಾಗಿ ನಿಷಿದ್ಧ' ಎಂದು ದುಂಡಗಿನ ಅಕ್ಷರಗಳಲ್ಲಿ ಫಲಕ ಬರೆಸಿ ಹಾಕಿಸಿದೆ. ಐನಾಪುರದ ಕಡೆಯ ಹಿರಿಯರೊಬ್ಬರು ಅದರ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ, ಗಟ್ಟಿಯಾಗಿ ಓದಿ ಮುಗಿಸಿ, "ಭಾಳ ಚಂದ ಬರ್ದಾರ್ರೀ" ಎಂದು ಮೆಚ್ಚಿ, ಜೇಬಿನಿಂದ ಬಾಳೆಹಣ್ಣು ತೆಗೆದು ಕರಡಿಗೆ ಎಸೆದರು. ಫಲಕದಲ್ಲಿ ಬರೆದದ್ದು ಬೇರೆಯವರಿಗೆ ಎಂಬ ಭಾವನೆ ನಮ್ಮ ಜನರಲ್ಲಿ ದೃಢವಾಗಿದೆ. ಆಹಾರ ಪದಾರ್ಥವೆಂದರೆ ಅದೇನೋ ಅಂಗಡಿಯದ್ದು; ಮನೆಯಿಂದ ತಂದದ್ದು ಪದಾರ್ಥವಲ್ಲ, ಪ್ರೀತಿ. ದಾಸೋಹವನ್ನು ತಾಯಿಯ ಹಾಲಿನೊಡನೆ ಕುಡಿದು ಬೆಳೆದ ಜನರಿಗೆ ಉಣಿಸಬೇಡಿರೆಂದು ಹೇಳುವುದು, ಉಸಿರಾಡಬೇಡಿರೆಂದು ಹೇಳಿದಷ್ಟೇ ಅಸಂಬದ್ಧವಾಗಿ ಕೇಳಿಸುತ್ತದೆ.

ವರ್ಷವಿಡೀ ಹೀಗೆ ಬಾಳೆಹಣ್ಣು, ಚುರುಮುರಿಗಳೊಡನೆ ನಮ್ಮ ಹೋರಾಟ ಹೇಗೋ ಸಾಗುತ್ತದೆ. ಎಳ್ಳಮಾವಾಸ್ಯೆಯ ದಿನ ಮಾತ್ರ ನಮ್ಮ ಕೈ ಸೋಲುತ್ತದೆ. ಅಂದು ಈ ಸೀಮೆಯಲ್ಲಿ ಊರುಗಳು ಖಾಲಿಯಾಗಿ ಹೊಲಗಳು ತುಂಬುತ್ತವೆ. ಸಜ್ಜೆ ರೊಟ್ಟಿ, ಸಜ್ಜೆ ಕಡುಬು, ಸಿಕ್ಕ ಕಾಳು ಸಿಕ್ಕ ಸೊಪ್ಪೆಲ್ಲ ಹಾಕಿ ಕುದಿಸಿದ ಭಜ್ಜಿ, ಅಂಬಲಿ, ಹೋಳಿಗೆ. ತಾವು ಉಣ್ಣುವ ಮುನ್ನ ಅದರಲ್ಲಿ ಒಂದು ಪಾಲನ್ನು ಹೊಲದ ತುಂಬ ಚೆಲ್ಲಿ ಭೂಮಿತಾಯಿಗೆ ಉಣಿಸುವುದೇ ಚರಗ. ನನಗೆ ಇದಕ್ಕಿಂತ ಪ್ರಿಯವಾದ ಹಬ್ಬ ಇನ್ನೊಂದಿಲ್ಲ, ಈ ಮಾತಿಗೆ ಭಜ್ಜಿಯ ರುಚಿಯೊಂದೇ ಕಾರಣವಲ್ಲ ಎಂದು ಹೇಳಿದರೆ ನೀವು ನಂಬಬೇಕು. ಹೊಲದೂಟ ಮುಗಿಸಿದ ಮಂದಿ, ಸಂಜೆಯೊಳಗೆ ಮಕ್ಕಳಿಗೆ ಪ್ರಾಣಿ ತೋರಿಸಿಕೊಂಡು ಹೋಗೋಣವೆಂದು ಟ್ರ್ಯಾಕ್ಟರು, ಟಂಟಂ ಆಟೊಗಳಲ್ಲಿ ನಮ್ಮ ಖಣಿಗೆ ಬರುತ್ತಾರೆ. ಬರಿಗೈಯಲ್ಲಿ ಬರುವುದು ಶಿಷ್ಟಾಚಾರವಲ್ಲವಷ್ಟೆ? ಭೂಮಿಗೆ ಉಣಿಸಿ ಉಳಿದ ಚರಗದಲ್ಲಿ ಪ್ರಾಣಿಗಳ ಪಾಲನ್ನು ಬುಟ್ಟಿಯಲ್ಲಿ ತೆಗೆದಿಟ್ಟುಕೊಂಡೇ ಬರುತ್ತಾರೆ.

ಚಿಗರಿಯ ಹೊಟ್ಟೆ ಹುಲ್ಲಿಗೆ ಮಾಡಿದ್ದು. ಬೆಂದ ಹಿಟ್ಟು, ಬೆಲ್ಲ, ಕಡುಬು ಒಮ್ಮೆಲೇ ಹೊಟ್ಟೆಗಿಳಿದರೆ ಅದು ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ, ಹೊಟ್ಟೆ ಉಬ್ಬುತ್ತದೆ, ಮುಂದಿನದು ಹೇಳಬೇಕಾಗಿಲ್ಲ. ಇದಕ್ಕೆ ಸಮಿತಿಯ ಸಾಹೇಬರು ಕಂಡುಕೊಂಡ ಪರಿಹಾರ ಅತ್ಯಂತ ಸರಳವಾಗಿತ್ತು: ಹೋದ ವರ್ಷ ಎಳ್ಳಮಾವಾಸ್ಯೆಯಂದು ಝೂಗೆ ಬೀಗ. ಅಂಬಣ್ಣನಿಗೂ ನಮಗೂ ರಜೆ. ನಾವು ಆಜ್ಞಾಧಾರಕರಾಗಿ ನಮ್ಮ ನಮ್ಮ ಹೊಲಗಳಲ್ಲಿ ಭಜ್ಜಿ ಉಣ್ಣುತ್ತಿದ್ದಾಗ, ಬಂದ ಮಂದಿ ಬೀಗ ನೋಡಿದರು, ಬುಟ್ಟಿ ನೋಡಿದರು, ಖಣಿಯ ದಂಡೆಯ ಮೇಲೆ ಹತ್ತಿ ನಿಂತು ಕೆಳಗಿನ ಚಿಗರಿಗಳ ನಡುವೆ ಭಕ್ತಿಯಿಂದ ಚರಗ ಚೆಲ್ಲಿ ಕೈಮುಗಿದು ಹೋದರು. ಬೈಯಲು ಅಂಬಣ್ಣ ಇರಲಿಲ್ಲ, ಸೀಟಿ ಊದಲು ನಾನಿರಲಿಲ್ಲ. ಮರುದಿನ ಒಂದು ಬಸುರಿ ಚಿಗರಿ ಸತ್ತುಬಿದ್ದಿತ್ತು. ಮರಿಯಾಗಿದ್ದಾಗ ಅದಕ್ಕೆ ಬಾಟಲಿ ಹಾಲು ಕುಡಿಸಿ ಬೆಳೆಸಿದವನು ಅಂಬಣ್ಣನೇ. ಅವನು ಅಂದು ಯಾರಿಗೂ ಬೈಯಲಿಲ್ಲ. ಖಣಿ ಅಷ್ಟು ಮೌನವಾಗಿದ್ದದ್ದನ್ನು ನಾನು ಮೊದಲೂ ಕಂಡಿಲ್ಲ, ಕಾಣುವ ಆಸೆಯೂ ಇಲ್ಲ.

ಈ ವರ್ಷ ಹಬ್ಬ ಹತ್ತಿರ ಬರುತ್ತಲೇ ಸಾಹೇಬರ ಫೋನು ಬಂತು. ಮತ್ತೆ ಬೀಗ. ಅಷ್ಟೇ ಅಲ್ಲ, ಈ ಸಲ ಇನ್ನೊಂದು ಚಿಗರಿ ಸತ್ತರೆ ಇಡೀ ಹಿಂಡನ್ನು ದೂರದ ದೊಡ್ಡ ಝೂಗೆ ಸಾಗಿಸಿ, ಖಣಿಯ ಬಾಗಿಲನ್ನು ಕಾಯಮ್ಮಾಗಿ ಮುಚ್ಚುವುದಾಗಿ ಸಮಿತಿ ತೀರ್ಮಾನಿಸಿದೆಯಂತೆ. ನಾನು ಬಾಳೆಲ್ಲ ವಿಧೇಯತೆಯನ್ನೇ ಬೋಧಿಸಿದವಳು. ಆದರೆ ಫೋನು ಹಿಡಿದ ನನ್ನ ಬಾಯಿ ನನ್ನನ್ನು ಕೇಳದೆಯೇ ಮಾತಾಡಿತು.

"ಬಾಗಿಲಾ ಮುಚ್ಚಂಗಿಲ್ರೀ ಸಾಹೇಬ್ರ. ಮುಚ್ಚಿದ್ದಕ್ಕೇ ಹೋದ ವರ್ಷ ಅದು ಸತ್ತದ್ದು. ತೆರದು ನಾವು ಮುಂದ ನಿಂದರ್ತೀವಿ."

"ತೆರದ್ರ ಅಂಬಣ್ಣನ ನೌಕರಿ ಉಳಿಯಂಗಿಲ್ಲ, ನೆನಪಿಡ್ರಿ" ಎಂದರು ಅವರು, ಮತ್ತು ಫೋನಿಟ್ಟರು.

ಇದು ನನ್ನ ಸಿಟ್ಟನ್ನು ಇಮ್ಮಡಿಸಿತು. ಎದುರು ಮಾತಾಡಿದವಳು ನಾನು. ನನ್ನನ್ನು ತೆಗೆದುಹಾಕುವಂತಿಲ್ಲ, ಏಕೆಂದರೆ ನನ್ನನ್ನು ಯಾರೂ ನೇಮಿಸಿಯೇ ಇಲ್ಲ. ಆದ್ದರಿಂದ ಯಾರನ್ನು ತೆಗೆಯಲು ಬರುತ್ತದೋ ಅವನ ಕುತ್ತಿಗೆಗೆ ಕೈ. ಸ್ವಯಂಸೇವಕರ ಶೌರ್ಯದ ಬೆಲೆಯನ್ನು ಕೂಲಿಯವನು ತೆರಬೇಕಾದಾಗ ಆ ಶೌರ್ಯಕ್ಕೆ ಏನು ಮರ್ಯಾದೆ? ನಾಚಿಕೆಯಿಂದಲೇ ಅಂಬಣ್ಣನ ಬಳಿ ಹೋಗಿ ನಡೆದದ್ದೆಲ್ಲ ಹೇಳಿ, ನೀನು ಹೂಂ ಎಂದರೆ ಮಾತ್ರ ತೆರೆಯೋಣ, ಇಲ್ಲವಾದರೆ ಬೀಗ ಹಾಕಿ ಖಣಿಯ ಸುತ್ತ ಹೊರಗೆ ನಿಂತು ಕಾಯೋಣ ಎಂದೆ.

"ಸುತ್ತ ನಿಂದ್ರಾಕ ನೀವೆಷ್ಟು ಮಂದಿ ಇದ್ದೀರಿ ಟೀಚರ್ರೀ?" ಎಂದು ಅವನು ಕೂಗಿದ. "ಅತ್ಲಾಗ ಓಡಿದ್ರ ಇತ್ಲಾಗ ಚೆಲ್ಲತಾರ. ಬಾಗಿಲಾ ತೆರೀರಿ, ಎಲ್ಲಾರೂ ಒಂದೇ ಕಡಿಂದ ಬರ್ತಾರ. ನನ್ನ ನೌಕರಿ ಹೋದ್ರ ಹೋಗ್ಲಿ. ಇನ್ನೊಂದು ಚಿಗರಿ ಹೋಗಬಾರದು."

ಹೀಗೆ ಎಳ್ಳಮಾವಾಸ್ಯೆಯ ದಿನ ಬಾಗಿಲು ತೆರೆಯಿತು. ಮಧ್ಯಾಹ್ನ ಕಳೆದದ್ದೇ ತಡ, ಟ್ರ್ಯಾಕ್ಟರುಗಳು ಬಂದವು. ಇಳಕಲ್ ಸೀರೆಗಳು, ಮಕ್ಕಳು, ಬುಟ್ಟಿಗಳು, ಬುಟ್ಟಿಗಳ ಮೇಲೆ ಬಿಳಿ ವಸ್ತ್ರ. ನಾವು ಚಿಗರಿಗಳ ಬೇಲಿಯ ಉದ್ದಕ್ಕೂ ಕೈಕೈ ಹಿಡಿದು ಸಾಲಾಗಿ ನಿಂತೆವು. ನಾನು ಸೀಟಿ ಊದಿದೆ. ನನ್ನ ಸೀಟಿಯಿಂದ ಗಾಳಿಯೇ ಹೆಚ್ಚು, ಸದ್ದು ಕಡಿಮೆ ಎಂಬುದು ಸರ್ವವಿದಿತ. ಮಕ್ಕಳು ನಕ್ಕರು. ಮಂದಿ ಹೆಚ್ಚುತ್ತಾ ಹೋದರು, ನಮ್ಮ ಸಾಲು ಬಾಗುತ್ತಾ ಹೋಯಿತು. ಗುಂಡಗುರ್ತಿಯಿಂದ ಬಂದ ಮುದುಕಿಯೊಬ್ಬಳು, ಕೈಯಲ್ಲಿ ಬುಟ್ಟಿ ಹಿಡಿದವಳು, ನೇರ ನನ್ನೆದುರಿಗೆ ಬಂದು ನಿಂತು ಕೇಳಿದಳು:

"ಬ್ಯಾಡಂದ್ರ ಹ್ಯಾಂಗವ್ವ? ವರ್ಷಕ್ಕೊಮ್ಮಿ ಭೂಮ್ತಾಯಿಗಿ ಉಣಸ್ತೀವಿ, ಇರಿವಿಗಿ ಉಣಸ್ತೀವಿ, ಹಕ್ಕಿಗಿ ಉಣಸ್ತೀವಿ. ಈ ಮೂಕ ಜೀವಕ್ಕ ಹಬ್ಬ ಇಲ್ಲೇನು?"

ಪಕ್ಕದಲ್ಲಿದ್ದ ಅಂಬಣ್ಣ ಬಾಯಿ ತೆರೆದ. ಇನ್ನೇನು ಕೂಗುತ್ತಾನೆಂದು ನಾನು ಕಿವಿ ಮುಚ್ಚಿಕೊಳ್ಳಲು ಸಿದ್ಧಳಾದೆ. ಅವನು ಕೂಗಲಿಲ್ಲ.

"ಯವ್ವಾ, ಹೋದ ವರ್ಷ ಇದೇ ಕಡುಬು ತಿಂದು ನನ್ನ ಚಿಗರಿ ಹೊಟ್ಟಿ ಉಬ್ಬಿ ಸತ್ತಾದ. ಬಸರಿ ಇತ್ತು. ನಿನಗ ಕೈಮುಗಿತೀನಿ, ಹಾಕಬ್ಯಾಡ."

ಮುದುಕಿಯ ಮುಖ ಕಂದಿತು. ಆಕೆ ಬುಟ್ಟಿಯನ್ನು ಹಿಂದಕ್ಕೆಳೆದುಕೊಂಡಳು, ಆದರೆ ಅಲ್ಲಿಂದ ಕದಲಲಿಲ್ಲ. "ಗೊತ್ತಿರಲಿಲ್ಲಪ್ಪ ತಮ್ಮಾ. ಖರೇನೇ ಗೊತ್ತಿರಲಿಲ್ಲ. ಆದ್ರ ಚರಗಕ್ಕಂತ ತಂದದ್ದು ತಿರುಗಿ ಮನಿಗಿ ಒಯ್ಯೂದು ನಮ್ಮಲ್ಲಿ ಇಲ್ಲ. ಈಗ ಏನ್ ಮಾಡ್ಲಿ?"

ನೋಡಿ, ಬೇಡವೆಂದು ಹೇಳಲು ಇಷ್ಟು ವರ್ಷ ನಾವು ಎಷ್ಟೆಲ್ಲ ಉಪಾಯ ಮಾಡಿದ್ದೆವು; ಬೇಡವಾದರೆ ಮತ್ತೇನು ಮಾಡಬೇಕೆಂಬುದನ್ನು ಒಬ್ಬರೂ ಯೋಚಿಸಿರಲಿಲ್ಲ. ತುಂಬಿದ ಬುಟ್ಟಿ ಹಿಡಿದು ನಿಂತವಳಿಗೆ ಬಾಗಿಲು ಮುಚ್ಚಿದರೂ ಅಷ್ಟೇ, ಬೇಲಿಗೆ ಅಡ್ಡ ನಿಂತರೂ ಅಷ್ಟೇ, ಬುಟ್ಟಿ ತುಂಬಿಯೇ ಇರುತ್ತದೆ. ನಮಗೆ ಉಣ್ಣಲೆಂದು ಭಜ್ಜಿಯ ಪಾತ್ರೆ ಹೊತ್ತು ಆಗ ತಾನೇ ಬಂದಿದ್ದ ನೀಲಮ್ಮ, ಪಾತ್ರೆಯನ್ನು ನೆಲಕ್ಕೂ ಇಳಿಸದೆ, ಹಿಂದಿನಿಂದಲೇ ಜಗಳಕ್ಕೆ ನಿಂತವಳಂತೆ ಕೇಳಿದಳು:

"ಯಕ್ಕಾ, ನಿಮ್ಮ ಹೊಲ್ದಾಗ ಚರಗ ಭೂಮಿಗಿ ಚೆಲ್ಲತೀರೋ, ಎತ್ತಿನ ಬಾಯಾಗ ತುರುಕತೀರೋ?"

"ಭೂಮಿಗೇ ಚೆಲ್ಲತೀವಿ."

"ಮತ್ತ ಚಿಗರಿಗೂ ಹೊಲ ಅದಾ. ಬರ್ರಿ ನನ್ನ ಹಿಂದ."

ಇತ್ತು. ಖಣಿಯ ಇನ್ನೊಂದು ಮಗ್ಗುಲಲ್ಲಿ, ಕಲ್ಲು ಸಿಗದೆ ಉಳಿದ ಕರಿಮಣ್ಣಿನ ಒಂದು ತುಂಡಿನಲ್ಲಿ ಅಂಬಣ್ಣ ಚಿಗರಿಗಳಿಗಾಗಿ ಹುಲ್ಲು ಬೆಳೆಸುತ್ತಾನೆ. ಸುತ್ತ ಮುಳ್ಳುಬೇಲಿ ಇದೆ, ಚಿಗರಿಗಳು ಒಳಗೆ ಬರುವಂತಿಲ್ಲ; ಅವನೇ ಕೊಯ್ದು ಒಯ್ದು ಹಾಕುತ್ತಾನೆ. ಎಷ್ಟೋ ವರ್ಷದಿಂದ ಅದನ್ನು ನೋಡುತ್ತಿದ್ದ ನಮಗೆ ಅದು ಹೊಲವೆಂದು ಅನ್ನಿಸಿಯೇ ಇರಲಿಲ್ಲ. ಗುಂಡಗುರ್ತಿಯ ಮುದುಕಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು, ಸೆರಗು ಬಿಗಿದಳು, ತನ್ನೂರಿನ ರಾಗದಲ್ಲಿ ಕೂಗುತ್ತ ಮುಷ್ಟಿ ಮುಷ್ಟಿ ಚರಗ ಚೆಲ್ಲಿದಳು. ಹಿಂದೆ ಒಬ್ಬಳು ನೀರು ಹಾಕುತ್ತ ನಡೆದಳು. ಆಮೇಲೆ ಬುಟ್ಟಿಗಳೆಲ್ಲ ಆ ಕಡೆ ಹರಿದವು. ಭೂಮಿ ಉಂಡಿತು, ಕಾಗೆಗಳು ಉಂಡವು, ನಮ್ಮವಲ್ಲದ ನವಿಲುಗಳು ಆಹ್ವಾನಕ್ಕೆ ಕಾಯದೆ ಇಳಿದು ಬಂದವು. ಚಿಗರಿಗಳು ಬೇಲಿಯಾಚೆ ನಿಂತು ತಮ್ಮ ಹೊಲಕ್ಕೆ ಬಂದ ಈ ಸಂಭ್ರಮವನ್ನು ಕತ್ತೆತ್ತಿ ನೋಡಿದವು. ನನಗೆ ಕಣ್ಣು ತುಂಬಿ ಬಂತು. ಕೊಡಬೇಕೆಂದು ಚಾಚಿದ ಕೈಯನ್ನು ತಡೆಯಲು ಯಾವ ಸಮಿತಿಯಿಂದಲೂ ಆಗದು, ಆದರೆ ಆ ಕೈಗೆ ಜಾಗ ತೋರಿಸಬಹುದು. ಇಷ್ಟು ಸಣ್ಣ ಮಾತು ಹೊಳೆಯಲು ಒಂದು ಬಸುರಿ ಚಿಗರಿ ಸಾಯಬೇಕಾಯಿತಲ್ಲ ಎಂದು ಸಂಕಟವೂ ಆಯಿತು.

ಸಾಹೇಬರ ಜೀಪು ಬಂದದ್ದು ಆಗಲೇ. ತೆರೆದ ಬಾಗಿಲು, ತುಂಬಿದ ಜನ, ನೆಲದ ತುಂಬ ಕಡುಬು; ಅವರಿಗೆ ಬೇರೇನೂ ಕಾಣಿಸಲಿಲ್ಲ, ಕಾಣಿಸುವಷ್ಟು ಹೊತ್ತು ಅವರು ನೋಡಲೂ ಇಲ್ಲ. "ಎಲ್ಲಾರನ್ನೂ ಹೊರಗ ಹಾಕ್ರಿ, ಬಂದ್ ಮಾಡ್ರಿ!" ಎಂದು ಗುಡುಗಿದರು. ನಾನು ಆಗುವುದಿಲ್ಲ ಎಂದೆ. ನಿಂತು ನೋಡಿರಿ, ಒಂದು ತುತ್ತೂ ಚಿಗರಿಯ ಬಾಯಿಗೆ ಹೋಗಿಲ್ಲ ಎಂದೆ. ಹಬ್ಬದ ದಿನ ಬಂದವರನ್ನು ಹೊರಹಾಕುವ ಪದ್ಧತಿ ಈ ಸೀಮೆಯಲ್ಲಿಲ್ಲ, ಬೇಕಾದರೆ ನೀವೂ ಕುಂದ್ರಿ, ಭಜ್ಜಿ ಅದಾ ಎಂದು ನೀಲಮ್ಮ ಕೂಗಿ ಹೇಳಿದಳು. ಅವರು ಕುಳಿತುಕೊಳ್ಳಲಿಲ್ಲ. ನಮ್ಮೆಲ್ಲರನ್ನೂ ದಾಟಿ ಅಂಬಣ್ಣನ ಕಡೆ ಬೆರಳು ಮಾಡಿ, "ನಾಳಿಂದ ನೀ ಕೆಲಸಕ್ಕ ಬರಬ್ಯಾಡ" ಎಂದು ಜೀಪು ಹತ್ತಿದರು. ಅಂಬಣ್ಣ ಕುಡಗೋಲು ತೆಗೆದುಕೊಂಡು, ಚರಗ ಬೀಳದ ಅಂಚಿನಲ್ಲಿ ಕುಳಿತು ಸಂಜೆಯ ಹುಲ್ಲು ಕೊಯ್ಯತೊಡಗಿದ.

ಮರುದಿನ ಬೆಳಗಾಗುತ್ತಲೇ ನಾವೆಲ್ಲ ಖಣಿಗೆ ಹೋದೆವು. ಯಾರಿಗೂ ಯಾರೂ ಹೇಳಿ ಕಳಿಸಿರಲಿಲ್ಲ. ವಾಡಿಯ ಸಿಮೆಂಟ್ ಕಾರ್ಖಾನೆಯ ಬಿಳಿ ಧೂಳು ಹೊದ್ದ ಬೇವಿನ ಗಿಡದ ಕೆಳಗೆ ಚಿಗರಿಗಳು ಮಲಗಿದ್ದವು, ಮತ್ತು ಎಲ್ಲವೂ ಮೆಲುಕು ಹಾಕುತ್ತಿದ್ದವು. ಲೋಕದಲ್ಲಿ ಅದಕ್ಕಿಂತ ಸುಂದರವಾದ ದೃಶ್ಯವನ್ನು ನಾನು ಕಂಡಿಲ್ಲ. ಅಂಬಣ್ಣ ಹುಲ್ಲಿನ ಹೊರೆ ಹೊತ್ತು ಬಂದ, "ಯಾ ಯಾ" ಎಂದ, ಅವೆಲ್ಲ ಎದ್ದು ಓಡಿಬಂದವು. ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಸಾಹೇಬರು.

"ಎಷ್ಟು ಸತ್ತಾವ?"

"ಒಂದೂ ಇಲ್ರೀ. ಎಲ್ಲಾ ಆರಾಮ ಅವ. ಅಂಬಣ್ಣ ಹುಲ್ಲು ಹಾಕಾಕತ್ತಾನ."

"ಅವಗ ಬರಬ್ಯಾಡಂತ ಹೇಳಿದ್ನಲ್ರೀ?"

"ಹೇಳಿದ್ರಿ ಸಾಹೇಬ್ರ. ಅವಗ ತಿಳೀತು. ಚಿಗರಿಗೆ ತಿಳೀಲಿಲ್ಲ. ನೀವೇ ಬಂದು ಅವಕ್ಕೊಮ್ಮಿ ಹೇಳಿ ಹೋಗ್ರಿ."

ನನ್ನ ಸುತ್ತ ನಿಂತವರೆಲ್ಲ ಫೋನಿನತ್ತ ಬಗ್ಗಿದರು; ಅಂಬಣ್ಣ ಮಾತ್ರ ನಮ್ಮ ಕಡೆ ನೋಡದೆ, ಮುನ್ನುಗ್ಗಿದ ಕೊಂಬಿನ ಗಂಡು ಚಿಗರಿಯೊಂದಕ್ಕೆ ಮನಸಾರೆ ಬೈಯುತ್ತಿದ್ದ. ಆ ಬೈಗುಳ ಫೋನಿನಾಚೆಗೂ ಕೇಳಿಸಿರಬೇಕು.

"ಇವತ್ತೊಂದಿನ ಇರ್ಲಿ" ಎಂದರು ಸಾಹೇಬರು.

ಎಳ್ಳಮಾವಾಸ್ಯೆ ಕಳೆದು, ತೊಗರಿ ರಾಶಿ ಮುಗಿದು, ಈಗ ಬಿಸಿಲು ಏರುತ್ತಿದೆ. ಅಂಬಣ್ಣ ದಿನಾ ಬೆಳಿಗ್ಗೆ ಬರುತ್ತಾನೆ. ಯಾರಾದರೂ ಕೇಳಿದರೆ, ಇವತ್ತೊಂದು ದಿನಕ್ಕೆ ಸಾಹೇಬರ ಅಪ್ಪಣೆ ಇದೆ ಎನ್ನುತ್ತೇವೆ.